ಇನ್ನೂ ಬಂದಿಲ್ಲ

ಸರ್ವರಿನಲ್ಲಿ ಮೇಲ್‌ಗಳ ಕಾಪಿ ಬಿಡಬೇಕೋ ಬೇಡವೋ ಎಂದು ಹುಲುಗೇಶ್ ಎರಡನೆಯ ಸಲ ಕೇಳಿದಾಗಲೂ ಪುಷ್ಪಲತಾ ಉತ್ತರ ಕೊಡಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿರುವ ಹುಲುಗೇಶ್ ಅವಳ ಕುರ್ಚಿಯಲ್ಲಿ ಕುಳಿತು ಹೊಸ ಕಂಪ್ಯೂಟರಿಗೆ ಆಫೀಸಿನ ಮೇಲ್ ಜೋಡಿಸುತ್ತಿದ್ದ. ಅವಳು ರೋಗಿಗಳು ಕೂರುವ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಇಷ್ಟು ವರ್ಷ ಈ ಲ್ಯಾಬಿನಲ್ಲಿ ಕೆಲಸ ಮಾಡಿದ್ದರೂ ಆ ಬೆಂಚಿನ ಮೇಲೆ ಅವಳು ಕುಳಿತದ್ದೇ ಇಲ್ಲ. ಇಲ್ಲಿಂದ ಕೌಂಟರು ಎತ್ತರವಾಗಿ ಕಾಣುತ್ತಿತ್ತು. ಅದರ ಹಿಂದೆ ಕುಳಿತವರ ಹಣೆ ಮತ್ತು ಕಣ್ಣು ಮಾತ್ರ ಕಾಣುತ್ತಿದ್ದವು, ಬಾಯಿ ಕಾಣುತ್ತಿರಲಿಲ್ಲ. ಬಾಯಿ ಕಾಣದೆ ಮಾತು ಮಾತ್ರ ಮೇಲಿನಿಂದ ಬಂದರೆ ಅದು ಎಷ್ಟು ಒರಟಾಗಿ ಕೇಳಿಸಬಹುದು ಎಂದು ಯೋಚಿಸುತ್ತಿರುವಾಗಲೇ ಅವನು ಮತ್ತೆ ತಲೆಯೆತ್ತಿದ.

"ಅಕ್ಕಾರ, ನಿಮ್ಮನ್ನ ಕೇಳಿದ್ದು. ಮೇಲ್ ಇಳಿಸಿಕೊಂಡ ಮ್ಯಾಲೆ ಸರ್ವರಿನಾಗ ಕಾಪಿ ಬಿಡ್ಲೋ, ತಗದುಬಿಡ್ಲೋ? ಹೋದ ಸಲ ನೀವ ತಗೀ ಅಂದಿದ್ರಿ."

ಹೌದು, ಅವಳೇ ಅಂದಿದ್ದಳು. ಆವತ್ತು ಕೌಂಟರಿನ ಮುಂದೆ ಜನ ಕಿಕ್ಕಿರಿದಿದ್ದರು. ಮೇಲ್ ಡಬ್ಬಿ ತುಂಬಿದೆಯೆಂದು ಕಂಪ್ಯೂಟರು ಬೆಳಿಗ್ಗೆಯಿಂದ ಕೆಂಪಕ್ಷರದಲ್ಲಿ ಹೇಳುತ್ತಿತ್ತು. ತುಂಬಿದರೆ ಹೊಸ ವರದಿಗಳು ವಾಪಸು ಹೋಗುತ್ತವೆಂದು ಊರಾಚೆಯ ದೊಡ್ಡ ಲ್ಯಾಬಿನವರು ಫೋನಿನಲ್ಲಿ ರೇಗಿದ್ದರು. ರಕ್ತ, ಮೂತ್ರ, ಸಕ್ಕರೆ ಎಲ್ಲ ಕೊಟ್ಟೂರಿನ ಈ ಎರಡು ಕೋಣೆಯಲ್ಲೇ ನೋಡುತ್ತಿದ್ದರು. ಮೈಯಲ್ಲೆದ್ದ ಗಂಟಿನಿಂದ ತೆಗೆದ ಚೂರು ಮಾತ್ರ ದೊಡ್ಡ ಲ್ಯಾಬಿಗೆ ಹೋಗುತ್ತಿತ್ತು, ಅದರ ವರದಿ ಮೇಲಿನಲ್ಲಿ ಬರುತ್ತಿತ್ತು. "ತಗಿಯಪ್ಪಾ ಅತ್ಲಾಗ, ತುಂಬಿ ತುಂಬಿ ಸಾಕಾಗೈತಿ" ಎಂದು ಯಾರದೋ ರಸೀದಿ ಹರಿಯುತ್ತಾ, ಮುಖವನ್ನೂ ಎತ್ತದೆ ಹೇಳಿದ್ದಳು. ಅದೇ ಮೇಲ್ ಲ್ಯಾಬಿನ ಮಾಲೀಕ ಗವಿಸಿದ್ದೇಶ್ ಅವರ ಲ್ಯಾಪ್‌ಟಾಪಿನಲ್ಲೂ ಇತ್ತು. ಯಾವ ಯಂತ್ರ ಮೊದಲು ಕೇಳುತ್ತದೋ ಅದಕ್ಕೆ ಮೇಲ್ ಇಳಿಯುತ್ತದೆ, ಸರ್ವರಿನಲ್ಲಿ ಕಾಪಿ ಉಳಿಯದಿದ್ದರೆ ಎರಡನೆಯದಕ್ಕೆ ಏನೂ ಸಿಗುವುದಿಲ್ಲ ಎಂದು ಹುಲುಗೇಶ್ ಅವತ್ತೂ ಹೇಳಿದ್ದಿರಬೇಕು. ಹೇಳಿದನೋ ಇಲ್ಲವೋ ನೆನಪಾಗುತ್ತಿಲ್ಲ. ಹೇಳಿರಲಿಲ್ಲ ಎಂದುಕೊಂಡರೆ ಎದೆ ಸ್ವಲ್ಪ ಹಗುರಾಗುತ್ತಿತ್ತು. ಹಗುರಾದ ಕೂಡಲೇ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

"ಬಿಡು," ಅಂದಳು. "ಕಾಪಿ ಅಲ್ಲೇ ಇರ್ಲಿ. ಎರಡೂ ಕಡೆ ಹಂಗ ಮಾಡು."

"ಮತ್ತ ತುಂಬತೈತಿ ನೋಡ್ರಿ."

"ತುಂಬ್ಲಿ."

ಹುಲುಗೇಶ್ ಮತ್ತೆ ಪರದೆಯ ಕಡೆ ತಿರುಗಿದ. ಆ ಹೊತ್ತಿಗೇ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಈ ಲ್ಯಾಬಿನೊಳಗೆ ಯಾರೂ ಚಪ್ಪಲಿ ಬಿಟ್ಟು ಬರುವುದಿಲ್ಲ, ಬಿಡುತ್ತಿದ್ದವನು ಒಬ್ಬನೇ. ತಿರುಗಿ ನೋಡುವ ಮೊದಲೇ ಪುಷ್ಪಲತಾಗೆ ಗೊತ್ತಾಯಿತು. ಓಬಳೇಶ ನಿಂತಿದ್ದ, ಇದೇ ಲ್ಯಾಬಿನಲ್ಲಿ ಗಂಟಿನ ಚೂರು ಕೊಟ್ಟಿದ್ದ ರಮಾಳ ಗಂಡ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವನ ಉಗುರಿನ ಸಂದಿಯಲ್ಲಿ ಎಂದಿನಂತೆ ಕಪ್ಪು ಗ್ರೀಸಿತ್ತು. ಗಡ್ಡ ಬೆಳೆದಿತ್ತು, ಅದರಲ್ಲಿ ಬಿಳಿ ಕೂದಲಿದ್ದವು. ರಮಾ ಸತ್ತದ್ದು ಕಾರ್ತಿಕದಲ್ಲಿ. ಅದಾದ ಮೇಲೆ ಅವನನ್ನು ಅವಳು ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ದೂರದಿಂದ ಕಂಡು, ಬಾಳೆಹಣ್ಣಿನ ಗಾಡಿಯ ಹಿಂದೆ ಸರಿದು, ಬೇಕಿಲ್ಲದಿದ್ದರೂ ಹಣ್ಣು ಕೊಂಡಿದ್ದಳು.

"ಅಕ್ಕಾರ, ರಮಾಂದು ಆ ರಿಪೋರ್ಟು ಒಂದು ಕಾಪಿ ಬೇಕಾಗಿತ್ರಿ," ಅಂದ ಅವನು. ಬೆಂಚಿನ ಮೇಲೆ ಕುಳಿತ ಅವಳನ್ನು ಗುರುತು ಹಿಡಿಯಲು ಅವನಿಗೂ ಒಂದು ಕ್ಷಣ ಬೇಕಾಗಿತ್ತು. "ನಮ್ಮ ಸಮತಾಗೂ ಒಂದು ಗಂಟು ಆಗೈತಿ. ರಮಾನ ತಂಗಿ. ಹರಪನಹಳ್ಳಿಯಾಗ ಸಾಲಿ ಕಲಸ್ತಾಳ. ಅಲ್ಲಿಗೆ ವಾರಕ್ಕೊಮ್ಮೆ ದಾವಣಗೇರಿ ಡಾಕ್ಟ್ರು ಬರ್ತಾರ, ಇವತ್ತ ಸಂಜಿಗೆ ತೋರಸಬೇಕು. ಅಕ್ಕಂದು ಯಾವ ನಮೂನಿದಿತ್ತು, ಆ ಕಾಗದ ತಗಂಬರ್ರಿ ಅಂದಾರ."

"ಮನ್ಯಾಗ ಇಲ್ಲೇನು?"

"ಇಲ್ರಿ, ನಮ್ಮ ಅತ್ತಿ, ರಮಾನ ಅವ್ವ, ಉಳಸಲಿಲ್ಲ. ಆಸ್ಪತ್ರಿ ಚೀಲ ಕಣ್ಣಿಗೆ ಬೀಳಬಾರದು ಅಂತ, ಮಣ್ಣು ಮಾಡುವಾಗ ಅಕಿ ಕೂಡ ಅದನ್ನೂ ಕುಣಿಯಾಗ ಇಟ್ಟುಬಿಟ್ರು. ಬ್ಯಾಡ ಅನ್ನಾಕ ಯಾರಿಗೂ ಆಗಲಿಲ್ಲ."

ಹುಲುಗೇಶ್ ಎದ್ದು ಕುರ್ಚಿ ಬಿಟ್ಟುಕೊಟ್ಟ. ಪುಷ್ಪಲತಾ ಕೌಂಟರಿನ ಹಿಂದೆ ಹೋಗಿ ಕುಳಿತಳು. ಆ ಎತ್ತರದ ಕುರ್ಚಿಯಲ್ಲಿ ಕೂತಕೂಡಲೇ ಓಬಳೇಶ ತಗ್ಗಿನಲ್ಲಿ ನಿಂತವನಂತೆ ಕಂಡ. ಸರ್ವರಿನಲ್ಲಿ ಇರಲಿಲ್ಲ, ಇರಲಾರದು ಎಂದು ಗೊತ್ತಿದ್ದೂ ಹುಡುಕಿದಳು. ಹಳೆಯ ಕಂಪ್ಯೂಟರಿನಲ್ಲಿ ಇರಲಿಲ್ಲ, ಅದಕ್ಕೆ ಆ ಮೇಲ್ ಬಂದೇ ಇರಲಿಲ್ಲ. ಅದು ಇಳಿದಿದ್ದು ಗವಿಸಿದ್ದೇಶ್ ಅವರ ಲ್ಯಾಪ್‌ಟಾಪಿಗೆ. ಆ ಲ್ಯಾಪ್‌ಟಾಪು ಕೆಟ್ಟು, ಅದರ ಹೊಟ್ಟೆಯಲ್ಲಿದ್ದದ್ದೆಲ್ಲ ಹೋಗಿತ್ತು. ಅವನ ಮುಖ ನೋಡದೆ ಪರದೆಯನ್ನೇ ನೋಡುತ್ತಾ ಅವಳು ಇಲ್ಲ ಎನ್ನಬೇಕಾಗಿತ್ತು. ಅದೇ ಕುರ್ಚಿ, ಅದೇ ಮನೆಯ ಜನ. ಅವಳು ಹುಡುಕುವ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು.

ರಮಾ ಮೊದಲ ಸಲ ವರದಿ ಕೇಳಲು ಬಂದಾಗ ಇಳಿಬಿಸಿಲಿತ್ತು. ಉಜ್ಜಿನಿ ದಾರಿಯ ಹಳ್ಳಿಯೊಂದರ ಪಂಚಾಯಿತಿಯಲ್ಲಿ ಅವಳು ಕಂಪ್ಯೂಟರ್ ಆಪರೇಟರ್. ಕೆಲಸ ಮುಗಿಸಿ, ಹೆಗಲಿಗೆ ಬ್ಯಾಗು ಹಾಕಿಕೊಂಡು ಬಸ್ಸಿಳಿದು ನೇರ ಬಂದಿದ್ದಳು. ಬಂದೈತೇನಕ್ಕಾ? ಇನ್ನೂ ಬಂದಿಲ್ಲ. ಎರಡು ದಿನ ಬಿಟ್ಟು ಮತ್ತೆ. ಇನ್ನೂ ಬಂದಿಲ್ಲ. ಆಮೇಲೆ ಫೋನು. ಇನ್ನೂ ಬಂದಿಲ್ಲ, ಬಂದ್ರ ನಾನ ಫೋನ್ ಮಾಡ್ತೀನಿ, ದಿನಾ ಕೇಳಿದ್ರ ಏನ್ ಮಾಡ್ಲಿ. ಅದಾದ ಮೇಲೆ ಒಂದು ದಿನ ರಮಾ ಕೌಂಟರಿನ ಮೇಲೆ ಎರಡೂ ಕೈ ಊರಿ, ಉಳಿದವರಿಗೆ ಕೇಳಿಸದ ಹಾಗೆ ಮೆಲ್ಲಗೆ ಅಂದಿದ್ದಳು: "ಅಕ್ಕಾ, ಸಾವಕಾರ್ರ ಲ್ಯಾಪ್‌ಟಾಪಿಗೆ ಏನಾರ ಇಳದೈತೇನೋ ನೋಡ್ರಿ. ನಮ್ಮ ಆಫೀಸಿನಾಗೂ ಹಂಗ ಆಗತೈತಿ. ಒಬ್ರು ಮೊದಲ ತಗದ್ರ ಇನ್ನೊಬ್ರಿಗೆ ಕಾಣಂಗಿಲ್ಲ." ಎಷ್ಟು ಸಣ್ಣ ಮಾತು. ಗವಿಸಿದ್ದೇಶ್ ಅವರಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಬೆಂಚಿನ ಮೇಲೆ ಜನವಿದ್ದರು, ಪೇಟೆಯ ದೊಡ್ಡ ಕಿರಾಣಿ ಅಂಗಡಿಯವರ ಹೆಂಡತಿ ಸಕ್ಕರೆ ನೋಡಿಸಲು ಕುಳಿತಿದ್ದರು, ಅವರಿಗೆ ಕೇಳಿಸಿತೆಂದು ಪುಷ್ಪಲತಾಗೆ ಅನಿಸಿತು. ಕಿವಿ ಬಿಸಿಯಾಯಿತು. "ನಮ್ಮ ಆಫೀಸಿಂದು ನಮಗ ಗೊತ್ತೈತಿ, ನೀವು ಕಲಸಾಕ ಬರಬ್ಯಾಡ್ರಿ," ಅಂದಿದ್ದಳು. ಕಿರಾಣಿ ಅಂಗಡಿಯವರ ಹೆಂಡತಿ ಸಣ್ಣಗೆ ನಕ್ಕಿದ್ದರು. ರಮಾ ಕೌಂಟರಿನ ಮೇಲಿಂದ ಕೈ ತೆಗೆದಳು. ಅವಳ ಅಂಗೈ ಇದ್ದ ಕಡೆ ಗಾಜಿನ ಮೇಲೆ ಬೆವರಿನ ಎರಡು ಗುರುತು ಉಳಿದಿದ್ದವು, ಪುಷ್ಪಲತಾ ಅವನ್ನು ಬಟ್ಟೆಯಿಂದ ಒರೆಸಿದ್ದಳು.

ಒರೆಸಿದ್ದು ಯಾಕೆ? ಗಾಜು ದಿನವೂ ಒರೆಸುತ್ತೇನೆ ಎಂದು ಎಷ್ಟೋ ರಾತ್ರಿ ತನಗೆ ತಾನೇ ಹೇಳಿಕೊಂಡಿದ್ದಾಳೆ. ಆದರೆ ಅದೇ ಮಾತನ್ನು ಕಿರಾಣಿ ಅಂಗಡಿಯವರ ಹೆಂಡತಿ ಹೇಳಿದ್ದರೆ ಆ ಗಳಿಗೆಯಲ್ಲೇ ಫೋನು ಮಾಡುತ್ತಿದ್ದೆನೇ ಎಂದು ಕೇಳಿಕೊಂಡಾಗ ಹೇಳಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಮಾಡುತ್ತಿದ್ದಳು. ರಮಾ ಯಾವ ಕೇರಿಯವಳೆಂದು ರಸೀದಿ ಬರೆದ ಮೊದಲ ದಿನವೇ, ಯಾರೂ ಹೇಳದೆ, ಅವಳಿಗೆ ಗೊತ್ತಾಗಿತ್ತು. ಹಾಗೆ ಗೊತ್ತಾಗುವುದನ್ನು ಯಾರು ಯಾವಾಗ ಕಲಿಸಿದರೆಂದು ನೆನಪಿಲ್ಲ. ಅಪ್ಪ ದಿನವೂ ವಿಭೂತಿ ಹಚ್ಚಿಕೊಂಡು ಎಲ್ಲರೂ ಒಂದೇ ಎಂದು ಹೇಳುತ್ತಿದ್ದರು; ಅವಳೂ ಹಾಗೆಯೇ ತಿಳಿದುಕೊಂಡಿದ್ದಳು.

ಕಡೆಗೆ ದೊಡ್ಡ ಲ್ಯಾಬಿಗೆ ಫೋನು ಮಾಡಿದಾಗ ಅಲ್ಲಿಯ ಹುಡುಗಿ, ಕಳಿಸಿ ಎರಡು ವಾರದ ಮೇಲಾಯಿತಲ್ಲ ಮೇಡಂ ಎಂದಿದ್ದಳು. ದಾವಣಗೆರೆಯಲ್ಲಿ ಮನೆ ಕಟ್ಟಿಸುತ್ತಿದ್ದ ಗವಿಸಿದ್ದೇಶ್ ಲ್ಯಾಪ್‌ಟಾಪ್ ತಂದು ತೆರೆದರೆ ಅದರಲ್ಲಿ ರಮಾಳ ಹೆಸರು ಕಪ್ಪಗೆ, ದಪ್ಪಗೆ, ಯಾರೂ ಓದದೆ ಬಿದ್ದಿತ್ತು. ಅವರು ಬಹಳ ಹೊತ್ತು ಮೀಸೆ ತೀಡಿಕೊಂಡರು. ಕೆಟ್ಟ ಮನುಷ್ಯರಲ್ಲ. "ಅಲ್ಲಿಂದನ ತಡ ಆತು ಅಂತ ಹೇಳಿಬಿಡು ಪುಷ್ಪಾ. ಇಲ್ಲಾಂದ್ರ ಬಾಗಿಲಾ ಹಾಕಬೇಕಾಗತೈತಿ," ಎಂದರು. ರಮಾ ಬಂದಳು. ಅಲ್ಲಿಂದನ ತಡ ಆತವ್ವಾ ಎಂದು ಪುಷ್ಪಲತಾ ಹೇಳಿದಳು, ಅವತ್ತೇ ಮೊದಲು 'ಅವ್ವಾ' ಎಂದಳು. ರಮಾ ಕಾಗದವನ್ನು ನಿಂತಲ್ಲೇ ಓದಿದಳು. ಅವಳ ಕಣ್ಣು ಕೆಳಗೆ ಬರೆದಿದ್ದ ರೋಗದ ಹೆಸರಿಗಿಂತ ಮೇಲೆ ಮೂಲೆಯಲ್ಲಿದ್ದ ತಾರೀಖಿನ ಮೇಲೆ ಹೆಚ್ಚು ಹೊತ್ತು ನಿಂತಿತ್ತೇ? ನಿಂತಿರಲಿಲ್ಲ ಎಂದೇ ಪುಷ್ಪಲತಾ ಅಂದುಕೊಂಡಿದ್ದಳು. ಬರ್ತೀನಕ್ಕಾ, ಎಂದಷ್ಟೇ ಹೇಳಿ ರಮಾ ಹೋದಳು. ಎರಡು ವಾರ ಮೊದಲು ಗೊತ್ತಾಗಿದ್ದರೂ ಅಷ್ಟೇ, ಅದು ಆಗಲೇ ಹರಡಿತ್ತು ಎಂದು ಊರಿನ ಡಾಕ್ಟರು ಆಮೇಲೆ ಯಾವುದೋ ಮಾತಿನ ನಡುವೆ ಹೇಳಿದ್ದರು. ಆ ಮಾತನ್ನು ಅವಳು ತಲೆನೋವಿನ ಗುಳಿಗೆಯಂತೆ ಬೇಕಾದಾಗಲೆಲ್ಲ ನುಂಗಿದಳು. ಬರಬರುತ್ತಾ ಅದು ಕೆಲಸ ಮಾಡುವುದನ್ನು ನಿಲ್ಲಿಸಿತು.

"ಇಲ್ಲೇನ್ರಿ?" ಓಬಳೇಶ ಕೇಳಿದ.

"ನಮ್ಮಲ್ಲಿ ಇಲ್ಲ," ಅಂದಳು ಪುಷ್ಪಲತಾ. ಹೇಳುತ್ತಲೇ ಫೋನು ಕೈಗೆತ್ತಿಕೊಂಡಳು. "ದೊಡ್ಡ ಲ್ಯಾಬಿನಾಗ ಇಟ್ಟಿರ್ತಾರ. ಈಗ ಕೇಳ್ತೀನಿ, ನಿಮ್ಮ ಮುಂದನ ಕೇಳ್ತೀನಿ."

ಮೊದಲು ಯಾರೂ ಎತ್ತಲಿಲ್ಲ. ಆಮೇಲೆ ಎತ್ತಿದವರು ಇನ್ನೊಬ್ಬರಿಗೆ ಕೊಟ್ಟರು, ಅವರು ಊಟಕ್ಕೆ ಹೋದವರ ಹೆಸರು ಹೇಳಿದರು. ಅವಳು ಬಿಡಲಿಲ್ಲ, ದನಿ ಏರಿಸಿದಳು. ರಮಾಳ ಹೆಸರು, ವಯಸ್ಸು, ಊರು ಬಿಡಿಸಿ ಬಿಡಿಸಿ ಹೇಳಿದಳು. ಹಳೆಯದನ್ನು ತೆಗೆಯಬೇಕು, ಸಂಜೆಯೊಳಗೆ ಕಳಿಸುತ್ತೇವೆ ಎಂದರು. ಸಂಜೆಯಲ್ಲ, ನಾಲ್ಕರ ಬಸ್ಸಿಗೆ ಬೇಕು ಎಂದು ಕೂಗಿದಳು. ಹುಲುಗೇಶ್ ತನ್ನ ಸಾಮಾನು ಚೀಲಕ್ಕೆ ತುಂಬಿಕೊಂಡು, ಹೋಗಬೇಕೋ ನಿಲ್ಲಬೇಕೋ ತಿಳಿಯದೆ, ಕಡೆಗೆ ಬರ್ತೀನಕ್ಕಾರ ಎಂದು ಹೇಳಿ ಹೊರಟ.

"ನೀವು ಹರಪನಹಳ್ಳಿಗೆ ಹೊಂಡ್ರಿ," ಎಂದಳು ಓಬಳೇಶನಿಗೆ. "ಬಂದಕೂಡ್ಲೆ ನಿಮ್ಮ ಫೋನಿಗೆ ಕಳಿಸ್ತೀನಿ. ಸಮತಾ ಒಬ್ಬಾಕಿನ ಅದಾಳಲ್ಲ."

ಓಬಳೇಶ ಬೆಂಚಿನ ಮೇಲೆ ಕುಳಿತ. "ಇರ್ಲಿ ಬಿಡ್ರಿ ಅಕ್ಕಾರ. ನಾನು ಇಲ್ಲೇ ಕುಂದ್ರತೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ಸಮಾಧಾನವಾಗಿ, ಅಷ್ಟು ಮರ್ಯಾದೆಯಿಂದ ಅವನು ಅವಳನ್ನು ನಂಬಲಿಲ್ಲ. ಒಬ್ಬ ಮುದುಕ ರಸೀದಿ ಹಿಡಿದು ಬಂದ, ಅವನಿಗೆ ಒಳಗೆ ಹೋಗಲು ಹೇಳಿದಳು. ಮಗುವಿಗೆ ಜ್ವರವೆಂದು ಒಬ್ಬಳು ಬಂದಳು. ಅವರ ನಡುನಡುವೆ ಮೇಲ್ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಪರದೆ ನೋಡಿದಳು. ಹೊಸ ಮೇಲ್ ಇಲ್ಲ. ಹೊಸ ಮೇಲ್ ಇಲ್ಲ. ಕಾಯುವುದು ಹೀಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗಡಿಯಾರ ನಡೆಯುವುದಿಲ್ಲ, ಆದರೆ ಹೊತ್ತು ಹೋಗುತ್ತದೆ. ರಸ್ತೆಯಲ್ಲಿ ಮೆಕ್ಕೆಜೋಳದ ಲಾರಿಯೊಂದು ಸಾಗಿತು, ಅದರ ಧೂಳು ಬಾಗಿಲೊಳಗೆ ಬಂದು ಬಿಸಿಲಿನಲ್ಲಿ ತೇಲಿತು. ಓಬಳೇಶ ಆ ಧೂಳನ್ನೇ ನೋಡುತ್ತಿದ್ದ. ಉಳಿದವರೆಲ್ಲ ಹೋದ ಮೇಲೆ, ಅವನು ಕೇಳದಿದ್ದರೂ, ಅವಳ ಬಾಯಿಂದ ಹೊರಟೇಹೋಯಿತು: "ಅವತ್ತ ತಡ ಆಗಿದ್ದು ಅಲ್ಲಿಂದ ಅಲ್ಲ, ಓಬಳೇಶ್. ನಮ್ಮಿಂದ."

"ಗೊತ್ತೈತ್ರಿ," ಅಂದ ಓಬಳೇಶ.

ಪುಷ್ಪಲತಾ ಮೌಸಿನ ಮೇಲಿಂದ ಕೈ ತೆಗೆದಳು.

"ಅವತ್ತ ಮನಿಗೆ ಬಂದಕೂಡ್ಲೆ ಹೇಳಿದ್ಲು. ಕಾಗದದ ಮ್ಯಾಲೆ ತಾರೀಖು ಇತ್ತಲ್ಲ. ಲ್ಯಾಪ್‌ಟಾಪಿಗ ಇಳದಿತ್ತು, ನಾ ಹೇಳಿದ್ದ ಖರೇ ಆತು ಅಂದ್ಲು. ನಾನು ಬಂದು ಜಗಳ ತಗೀತೀನಿ ಅಂತ ಎದ್ದೆ. ಆಕಿನೂ ಬರ್ತೀನಿ ಅಂದ್ಲು, ಆಕಿಗೂ ಭಾಳ ಸಿಟ್ಟಿತ್ತು. ಆಮ್ಯಾಲೆ ಆಸ್ಪತ್ರಿ, ಬಸ್ಸು, ಸೂಜಿ… ಜಗಳಕ್ಕ ಹೊತ್ತ ಸಿಗಲಿಲ್ಲ ನಮಗ." ಅವನು ಉಗುರಿನ ಸಂದಿಯ ಗ್ರೀಸನ್ನು ಇನ್ನೊಂದು ಉಗುರಿನಿಂದ ಕೆರೆದ. "ಕಡೀಕಡೀಗೆ ಸಿಟ್ಟು ಹೋಗಿತ್ತು ಆಕಿಗೆ. ಪುಷ್ಪಕ್ಕ ಒಂದಿನ ಬರ್ತಾಳ ನೋಡು ಅಂತಿದ್ಲು. ಬಾಗಿಲ ಕಡೆ ಮಕ ಮಾಡಿನ ಮಲಗತಿದ್ಲು. ಬಂದ್ರ ಏನಂತೀ ಅಂತ ಕೇಳಿದೆ. ಏನೂ ಅನ್ನಂಗಿಲ್ಲ, ಕುಂದ್ರು ಅಂತೀನಿ ಅಂದ್ಲು. ಯಾರರ ಹೆಣ್ಮಕ್ಳು ಬಂದ ಸಪ್ಪಳ ಆದ್ರ, ಪುಷ್ಪಕ್ಕ ಏನು ಅಂತ ಕೇಳ್ತಿದ್ಲು. ಅಲ್ಲವ್ವಾ, ಅಕಿ ಇನ್ನೂ ಬಂದಿಲ್ಲ ಅಂತಿದ್ವಿ."

ರಮಾಳನ್ನು ನೋಡಲು ಪುಷ್ಪಲತಾ ಒಂದು ದಿನ ಹೊರಟಿದ್ದಳು. ಶ್ರಾವಣದಲ್ಲಿ, ಸೋಮವಾರ. ಉಜ್ಜಿನಿ ಬಸ್ಸು ನಿಂತಿತ್ತು, ಅದರ ತುಂಬ ಮರುಳಸಿದ್ಧೇಶ್ವರನ ಗುಡಿಗೆ ಹೊರಟ ಜನ, ಕಾಯಿಯ ಚೀಲಗಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಹೋಗಿ ಏನು ಹೇಳುವುದು, ಆ ಮನೆಯಲ್ಲಿ ಚಹಾ ಕೊಟ್ಟರೆ ಕುಡಿಯುವಾಗ ತನ್ನ ಮುಖ ಹೇಗಿರುತ್ತದೆ, ಅವರೆಲ್ಲ ಅದನ್ನು ನೋಡುತ್ತಿರುತ್ತಾರಲ್ಲ ಎಂದು ಹೊಳೆದು ಕಾಲು ತೆಗೆದಿದ್ದಳು. ಹತ್ರಿ ಇಲ್ಲಾ ಸರೀರಿ ಎಂದು ಕಂಡಕ್ಟರ್ ಕೂಗಿದ. ಅವಳು ಸರಿದಳು. ತನ್ನನ್ನು ತಡೆದದ್ದು ಬೈಯಿಸಿಕೊಳ್ಳುವ ಭಯ ಎಂದು ಇಷ್ಟು ದಿನ ತಿಳಿದಿದ್ದಳು. ಅಲ್ಲಿ ಬೈಯಲು ಯಾರೂ ಕಾದಿರಲಿಲ್ಲ. ಬಾಗಿಲ ಕಡೆ ಮುಖ ಮಾಡಿದ ಒಬ್ಬಳು ಕುಂದ್ರು ಎನ್ನಲು ಕಾದಿದ್ದಳು, ಅಷ್ಟೇ. ಮೇಲ್ ತಡವಾದದ್ದಕ್ಕೆ ಲ್ಯಾಪ್‌ಟಾಪನ್ನು, ಸರ್ವರನ್ನು, ಹುಲುಗೇಶನನ್ನು ದೂರಬಹುದಿತ್ತು. ತಾನು ಹೋಗದಿದ್ದುದಕ್ಕೆ ದೂರಲು ಯಾರೂ ಇರಲಿಲ್ಲ. ಅವಳು ಅಳು ಬರಗೊಡಲಿಲ್ಲ. ಬಂದರೆ ಅವನೇ ಎದ್ದು ಸಮಾಧಾನ ಮಾಡಬೇಕಾಗುತ್ತದೆ, ಅದೂ ಅನ್ಯಾಯವೆಂದು ಹಲ್ಲು ಕಚ್ಚಿ ಕುಳಿತಳು.

ಮೇಲ್ ಬಂದಾಗ ಅವಳು ಪರದೆ ನೋಡುತ್ತಿರಲಿಲ್ಲ. ಓಬಳೇಶನೇ ಎದ್ದು ಬಂದು, "ಏನೋ ಬಂದಂಗಾತು ನೋಡ್ರಿ," ಅಂದ. ರಮಾಳ ಹೆಸರು ಮತ್ತೆ ಕಪ್ಪಗೆ, ದಪ್ಪಗೆ ಮೂಡಿತ್ತು. ತೆರೆಯುವಾಗ ಆ ದಪ್ಪ ಅಕ್ಷರ ತೆಳ್ಳಗಾಯಿತು. ಪುಷ್ಪಲತಾ ಎರಡು ಪ್ರತಿ ತೆಗೆದಳು, ಅವನ ಫೋನಿಗೂ ಕಳಿಸಿದಳು, ಸಮತಾಳ ನಂಬರು ಕೇಳಿ ಅವಳಿಗೂ ಕಳಿಸಿದಳು. ಕಾಗದವನ್ನು ಲಕೋಟೆಗೆ ಹಾಕುವಾಗ ಅದರ ಮೂಲೆ ಮಡಿಚಿಕೊಂಡಿತು. ಓಬಳೇಶ ಅದನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಮೂಲೆಯನ್ನು ಸರಿಮಾಡಿದ. ಹೊರಗೆ ಹೋಗಿ ಚಪ್ಪಲಿ ಮೆಟ್ಟಿ, ಮತ್ತೆ ಒಳಗೆ ಇಣುಕಿ, "ಉಪಕಾರ ಆತ್ರಿ," ಅಂದ. ನಿಜವಾಗಿಯೇ ಅಂದ. ಆ ಮಾತನ್ನು ತಡೆದುಕೊಳ್ಳುವುದು ಅವಳಿಗೆ ಉಳಿದೆಲ್ಲಕ್ಕಿಂತ ಕಷ್ಟವಾಯಿತು.

ಅವನು ಹೋದ ಮೇಲೆ ಗವಿಸಿದ್ದೇಶ್ ಅವರಿಗೆ ಫೋನು ಮಾಡಿ, ಇವತ್ತು ಬೇಗ ಬಾಗಿಲು ಹಾಕುತ್ತೇನೆ ಎಂದಳು. ಮೈ ಹುಷಾರಿಲ್ಲೇನು ಎಂದು ಅವರು ಕೇಳಿದರು. ಹುಷಾರಿದೀನ್ರಿ, ರಮಾನ ಮನಿಗೆ ಹೋಗಬೇಕು ಎಂದಳು. "ಆತು, ಹೋಗಿ ಬಾ," ಎಂದರು ಗವಿಸಿದ್ದೇಶ್.

ಬಸ್ಸಿಳಿದಾಗ ಬಿಸಿಲು ಕೆಂಪಾಗಿತ್ತು. ಪಂಚಾಯಿತಿ ಆಫೀಸಿನ ಹಿಂದಿನ ಕೇರಿ ಎಂದು ಯಾರೋ ತೋರಿಸಿದರು. ನೀಲಿ ಬಣ್ಣದ ಬಾಗಿಲು, ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ರಮಾಳ ಫೋಟೋ. ಫೋಟೋದಲ್ಲಿ ಅವಳು ಹೆಗಲಿಗೆ ಬ್ಯಾಗು ಹಾಕಿಕೊಂಡು ಎಲ್ಲಿಗೋ ಹೊರಟವಳಂತೆ ನಿಂತಿದ್ದಳು. ಹೊಸ್ತಿಲ ಬಳಿ ರಮಾಳ ತಾಯಿ ಪಕ್ಕೀರಮ್ಮ ಕುಳಿತು ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಮುಂದೆ ನೆಲದ ಮೇಲೆ ಒಂದು ಫೋನಿತ್ತು. ಚಪ್ಪಲಿಯ ಸದ್ದಿಗೆ ಅವಳು ಫೋನು ನೋಡಿದಳು, ಆಮೇಲೆ ತಲೆಯೆತ್ತಿದಳು.

"ಯಾರವ್ವಾ?"

"ನಾನು ಲ್ಯಾಬಿನಾಕಿ," ಅಂದಳು ಪುಷ್ಪಲತಾ. ಅದು ಸಾಲದೆಂದು, "ಪುಷ್ಪಲತಾ," ಅಂದಳು.

ಸಿಪ್ಪೆ ಒಡೆಯುತ್ತಿದ್ದ ಬೆರಳು ನಿಂತವು. ಮುದುಕಿಯ ಕಣ್ಣು ಅವಳ ಹಣೆ, ಸೀರೆ, ಧೂಳು ಮೆತ್ತಿದ ಪಾದಗಳ ಮೇಲೆ ಹರಿದು, ಮತ್ತೆ ಮುಖಕ್ಕೆ ಬಂತು. ಪುಷ್ಪಲತಾ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತನ್ನು ಶುರುಮಾಡಿದಳು. ರಿಪೋರ್ಟು ಬಂದಿತ್ತು, ನೋಡಲಿಲ್ಲ, ರಮಾ ಹೇಳಿದಳು, ಆದರೂ ನೋಡಲಿಲ್ಲ. ಒಂದರ ಹಿಂದೆ ಒಂದು ಹೊರಬಿದ್ದ ಆ ಮಾತುಗಳು ಆ ಸಂಜೆಯ ಕೇರಿಯಲ್ಲಿ, ಎಲ್ಲೋ ಕೂಗುತ್ತಿದ್ದ ಕೋಳಿಯ, ನಲ್ಲಿಗೆ ಬಂದ ಕೊಡಗಳ ಸದ್ದಿನ ನಡುವೆ, ಬೇರೆ ಯಾರದೋ ಸುದ್ದಿಯಂತೆ ಕೇಳಿಸಿದವು. ಪಕ್ಕೀರಮ್ಮ ಕೈಯೆತ್ತಿ ತಡೆದಳು.

"ಅದೆಲ್ಲ ನನಗ ತಿಳಿಯಂಗಿಲ್ಲವ್ವಾ. ಈಗ ಅದನ್ನ ಕೇಳಾಕ ನನ್ನ ಕೈಲಿ ಆಗಂಗೂ ಇಲ್ಲ," ಅಂದಳು. ಅವಳ ದನಿ ಒಣಗಿತ್ತು. "ಸಮತಾ ಡಾಕ್ಟ್ರ ಹತ್ರ ಹೋಗ್ಯಾಳ. ಏನಂತಾರೋ ಏನೋ. ಮನ್ಯಾಗ ಯಾರೂ ಇಲ್ಲ, ಒಬ್ಬಾಕಿನ ಕುಂದ್ರಾಕ ಆಗವಲ್ದು. ಫೋನ್ ಬರೂತನಾ ಕುಂದ್ರು."

ಪುಷ್ಪಲತಾ ಹೊಸ್ತಿಲ ಈಚೆ ನೆಲದ ಮೇಲೆ ಕುಳಿತಳು. ಮುದುಕಿ ಮೊರವನ್ನು ಇಬ್ಬರ ನಡುವೆ ಸರಿಸಿದಳು. ಇಬ್ಬರೂ ಫೋನನ್ನು ನೋಡುತ್ತಾ ಶೇಂಗಾ ಸುಲಿಯತೊಡಗಿದರು.